ಖಾಲು ಸಂಭಾಳಿಸಿದ ಚಿತ್ರ

ಮಲಾಡಿನ ನಮ್ಮ ಚಾಳಿನಲ್ಲಿ ನಮ್ಮ ಖಾಲು ಬಣ್ಣ ಬಳಿಯದೆ ಬಿಟ್ಟದ್ದು ಯಾವುದಾದರೂ ಇದ್ದರೆ ಅದು ನಮ್ಮ ಖಾಲಾ ಒಬ್ಬಳೇ. ಅದೂ ಆಕೆ ಬ್ರಷ್ ಹತ್ತಿರ ಬರಲು ಬಿಡುವುದಿಲ್ಲ ಎಂಬ ಕಾರಣಕ್ಕೆ! ಖಾಲಾ ಎಂದರೆ ನನ್ನ ಅಮ್ಮನ ತಂಗಿ, ಖಾಲು ಎಂದರೆ ಆಕೆಯ ಗಂಡ. ವಿಜಯಪುರದ ಕಡೆಯ ಮುಸಲ್ಮಾನರ ಮನೆಗಳಲ್ಲಿ ನಾವು ಹೀಗೇ ಕರೆಯುವುದು. ಖಾಲುವಿನ ಹೆಸರು ಮಾತ್ರ ಹೇಳಲಾರೆ. ಹೇಳಿದರೆ ಯಾರಿಂದಲೋ ಇದನ್ನು ಓದಿಸಿ ಕೇಳಿ, ಸಿಟ್ಟಿಗೆದ್ದು ಈ ಕಾಗದಕ್ಕೂ ಒಂದು ಕೋಟು ಬಣ್ಣ ಹೊಡೆದಾರು.

ಖಾಲು ಪೇಂಟರ್. ಚಿತ್ರ ಬಿಡಿಸುವವರಲ್ಲ, ಗೋಡೆ ಬಳಿಯುವವರು. ಈ ವ್ಯತ್ಯಾಸ ನಿಮಗೆ, ನನಗೆ, ಅವರಿಗಲ್ಲ. "ಅವ್ರು ಸಣ್ಣ ಬ್ರಷ್‌ನವ್ರು, ನಾವು ದೊಡ್ಡ ಬ್ರಷ್‌ನವ್ರು. ಧಂದಾ ಒಂದ" ಎಂದು ಅವರ ವಾದ. ಸಂಜೆ ಕೆಲಸ ಮುಗಿಸಿ ಬರುವಾಗ ಡಬ್ಬಿಯ ತಳದಲ್ಲಿ ಉಳಿದ ಬಣ್ಣವೂ ಅವರ ಜೊತೆ ಮನೆಗೆ ಬರುತ್ತಿತ್ತು. ಅದು ಒಣಗಿಹೋಗುವುದನ್ನು ನೋಡುವ ಗುಂಡಿಗೆ ಅವರಿಗಿಲ್ಲ. ಹೀಗಾಗಿ ನಮ್ಮ ನೀರಿನ ಡ್ರಮ್ಮು ಗುಲಾಬಿ ಆಯಿತು. ಗ್ಯಾಸ್ ಸಿಲಿಂಡರ್ ಆಕಾಶನೀಲಿ ಆಯಿತು. ಅದನ್ನು ಒಯ್ಯಲು ಬಂದವನು ಇದು ನಮ್ಮ ಕಂಪನಿಯದೇ ಅಲ್ಲ ಎಂದು ಅಲ್ಲೇ ಬಿಟ್ಟುಹೋದ! ಪಕ್ಕದ ಮನೆಯವರ ಗಿಳಿಯ ಪಂಜರಕ್ಕೆ ಹಸಿರು ಹೊಡೆಯುವಾಗ ಗಿಳಿಗೂ ಸ್ವಲ್ಪ ತಗುಲಿತು. ಗಿಳಿ ಮೊದಲೇ ಹಸಿರು ನೋಡಿ, ಯಾರಿಗೂ ಗೊತ್ತಾಗಲಿಲ್ಲ, ಗಿಳಿಯೊಂದನ್ನು ಬಿಟ್ಟು.

ನಾನು ಚಿಕ್ಕಂದಿನಿಂದ ಇವರ ಮನೆಯಲ್ಲೇ ಬೆಳೆದವನು. ಇವರಿಗೆ ಮಕ್ಕಳಿಲ್ಲ. ನೌಕರಿಯ ಇಂಟರ್‌ವ್ಯೂಗೆಂದು ಪವಾಯಿಗೆ ಹೊರಟ ದಿನ ನೋಡುತ್ತೇನೆ, ನನ್ನ ಕರೀ ಬೂಟು ಬಾಗಿಲಿನ ಚಾಕಲೇಟ್ ಬಣ್ಣಕ್ಕೆ ತಿರುಗಿದೆ!

"ಖಾಲು, ಇದೇನಿದು?"

"ಕರೇ ರಂಗ ಮುಗದಿತ್ತೋ. ಹೊಳೀತೈತಿಲ್ಲೋ?"

ನೌಕರಿ ಸಿಕ್ಕಿತು. ಬೂಟು ಕಾಲಿನಿಂದ ಬಿಚ್ಚಲು ಮಾತ್ರ ಸೀಮೆಎಣ್ಣೆ ಬೇಕಾಯಿತು.

ಇಂಥವರ ಕೈಗೆ ದೇವರು ದೇಶಕ್ಕೇ ಹೆಸರಾದ ಒಬ್ಬ ಚಿತ್ರಕಾರರ ಚಿತ್ರ ಕೊಟ್ಟ. ಯಾಕೆ ಕೊಟ್ಟ? ನನ್ನನ್ನು ಕೇಳಬೇಡಿ, ನಾನೇ ಅವನನ್ನು ಬಹಳ ಸಲ ಕೇಳಿದ್ದೇನೆ. ಆ ಚಿತ್ರಕಾರರು ಸಮುದ್ರದ ಕಡೆ ಒಂದು ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಖಾಲು ಅವರ ಮನೆಗೆ ಬಿಳಿ ಬಣ್ಣ ಹೊಡೆಯಲು ಹೋದರು. ಎಂಟು ದಿನದ ಕೆಲಸ. ಎಂಟೂ ದಿನ ಅವರು ಕುರ್ಚಿ ಹಾಕಿಕೊಂಡು ಇವರು ಬಳಿಯುವುದನ್ನೇ ನೋಡುತ್ತ ಕೂತರಂತೆ. ಕೊನೆಯ ದಿನ, ಇಷ್ಟು ಸಮನಾದ ಬಿಳುಪು ನನ್ನ ಕೈಯಿಂದ ಒಮ್ಮೆಯೂ ಬರಲಿಲ್ಲ ಎಂದು ಹೇಳಿ, ಒಳಗಿನಿಂದ ಒಂದು ಕ್ಯಾನ್ವಾಸ್ ತಂದು ಖಾಲುವಿನ ಕೈಗಿಟ್ಟರು. ಪೂರ್ತಿ ಹಳದಿ, ನಡುವೆ ಒಂದು ಕೆಂಪು ಚೌಕ, ಕೆಳಮೂಲೆಯಲ್ಲಿ ಸಹಿ. ಕೊಡುವಾಗ ಹೇಳಿದ್ದು ಒಂದೇ ಮಾತು: "ಸಂಭಾಲ್ ಕೆ ರಖನಾ." ಸಂಭಾಳಿಸಿ ಇಟ್ಟುಕೋ. ನಮ್ಮ ಮನೆ ಮುಳುಗಿದ್ದು ಆ ಒಂದು ಮಾತಿನಿಂದ.

ಯಾಕೆಂದರೆ ನೀವು ನಾನು ಒಂದು ವಸ್ತುವನ್ನು ಸಂಭಾಳಿಸುವುದೆಂದರೆ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿ ಇಡುತ್ತೇವೆ. ಗೋಡೆ ಬಳಿಯುವವರಿಗೆ ಸಂಭಾಳಿಸುವುದೆಂದರೆ ವರ್ಷಕ್ಕೊಂದು ಕೋಟು! ರಮ್ಜಾನ್ ಹತ್ತಿರ ಬಂದಾಗ ನಮ್ಮ ಖೋಲಿಗೆ ಬಣ್ಣ. ಗೋಡೆ ಆಯಿತು, ಬಾಗಿಲು ಆಯಿತು, ಆಮೇಲೆ ಚಿತ್ರ. ಹಳದಿಗೆ ಹಳದಿ, ಕೆಂಪಿಗೆ ಕೆಂಪು. ಚೌಕದ ಅಂಚು ಒಂದು ಕೂದಲಿನಷ್ಟೂ ಆಚೀಚೆ ಆಗುತ್ತಿರಲಿಲ್ಲ. ಡಬ್ಬಿ ಹಿಡಿದು ನಿಲ್ಲುತ್ತಿದ್ದವನು ನಾನೇ. ಇದರಲ್ಲಿ ನಮಗೆ ಯಾರಿಗೂ ತಪ್ಪು ಕಾಣಲಿಲ್ಲ. ಅಡುಗೆಯ ಹೊಗೆಗೆ ಮಾಸುತ್ತಿದ್ದ ಚಿತ್ರ ಈದ್ ದಿನ ಫಳಫಳ ಹೊಳೆಯುತ್ತಿತ್ತು, ನೆರೆಯವರು ನೋಡಿ ಮೆಚ್ಚುತ್ತಿದ್ದರು.

ಹೀಗೆ ಎಷ್ಟೋ ವರ್ಷ ಕಳೆದ ಮೇಲೆ ಚಿತ್ರಕಾರರು ತೀರಿಕೊಂಡರು. ಅವರು ಬದುಕಿದ್ದಾಗ "ಇದೇನ್ ಮಹಾ, ನಮ್ಮ ಮಗೂನೂ ಬಿಡಿಸುತ್ತೆ" ಎಂದವರೆಲ್ಲ ಈಗ ಹರಾಜಿನಲ್ಲಿ ಕೈ ಎತ್ತತೊಡಗಿದರು. ಕೋಟಿಗಳ ಮಾತು ಟೀವಿಯಲ್ಲಿ ಬಂತು. ಮರುದಿನದಿಂದ ನಮ್ಮ ಖೋಲಿಗೆ ಜನವೋ ಜನ! ಚಾಳಿನ ಮಾಲೀಕ ಬಂದು, ಚಿತ್ರ ನಿಮ್ಮದಿರಬಹುದು, ಮೊಳೆ ಇರುವುದು ನನ್ನ ಗೋಡೆಯಲ್ಲಿ ಎಂದು ತಿಳಿಸಿಹೋದ. ಖಾಲುವಿನ ತಮ್ಮ ದಹಿಸರಿನಿಂದ ಓಡಿ ಬಂದು, "ಅವತ್ತ ಲೋಕಲ್ ರೈಲಿನ್ಯಾಗ ತರಬೇಕಾದ್ರ ಒಂದ ತುದಿ ಹಿಡದಾಂವ ನಾ. ಆ ತುದಿ ನಂದು" ಎಂದ. ಚಿತ್ರಕಾರರ ಸ್ವಂತ ಮಕ್ಕಳು ಮಾತ್ರ ಬರಲಿಲ್ಲ. ಅವರು ಉಳಿದ ಚಿತ್ರಗಳಿಗಾಗಿ ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದರು, ಪುರಸೊತ್ತಿರಲಿಲ್ಲ.

ಖಾಲಾ ತುದಿಯನ್ನೂ ಕೇಳಲಿಲ್ಲ, ಮೊಳೆಯನ್ನೂ ಕೇಳಲಿಲ್ಲ. ಆಕೆಗೆ ಬೇಕಾದದ್ದು ಮನೆಯೊಳಗೊಂದು ಸಂಡಾಸ್. ನಮ್ಮ ಖೋಲಿ ಎರಡನೇ ಮಾಳಿಗೆಯಲ್ಲಿ, ಚಾಳಿಗೆಲ್ಲ ಸೇರಿದ ಸಂಡಾಸ್ ಕೆಳಗೆ, ಅಂಗಳದಾಚೆ. ಆಕೆಯ ಎರಡೂ ಮೊಣಕಾಲು ಹೋಗಿವೆ. ಇಳಿಯಬೇಕಾದೀತೆಂದು ಹೆದರಿ ದಿನವೆಲ್ಲ ನೀರೇ ಕುಡಿಯುವುದಿಲ್ಲ. ಹೀಗೇ ಆದರೆ ಕಿಡ್ನಿ ಉಳಿಯುವುದಿಲ್ಲ ಎಂದು ಡಾಕ್ಟರು ಬೈದು ಕಳಿಸಿದ್ದರು. ಪವಾಯಿಯಲ್ಲಿ ಐದು ಜನರೊಂದಿಗೆ ಒಂದು ರೂಮಿನಲ್ಲಿರುವ ನಾನು ಆಕೆಯನ್ನು ಎಲ್ಲಿಗೆ ಕರೆದೊಯ್ಯಲಿ? ಇದ್ದ ಆಸೆ ಆ ಹಳದಿ ಚಿತ್ರ ಒಂದೇ.

ಆ ಧೈರ್ಯದ ಮೇಲೆ ದಹಿಸರಿನಲ್ಲಿ ಒಂದು ಹೊಸ ಬಿಲ್ಡಿಂಗಿನ ಸ್ಯಾಂಪಲ್ ಫ್ಲ್ಯಾಟ್ ತೋರಿಸಲು ಖಾಲಾಳನ್ನು ಕರೆದೊಯ್ದೆ. ಹಾಲ್ ನೋಡಲಿಲ್ಲ, ಬಾಲ್ಕನಿ ನೋಡಲಿಲ್ಲ. ನೆಟ್ಟಗೆ ಬಾತ್‌ರೂಮಿಗೆ ಹೋಗಿ ಒಳಗಿನಿಂದ ಬೋಲ್ಟ್ ಹಾಕಿಕೊಂಡಳು. ಹತ್ತು ನಿಮಿಷವಾದರೂ ಹೊರಗೆ ಬರಲಿಲ್ಲ. ಅದಕ್ಕೆ ನೀರಿನ ಕನೆಕ್ಷನ್ನೇ ಇಲ್ಲ ಎಂದು ಸೇಲ್ಸ್‌ನವನು ಗಾಬರಿಯಿಂದ ಕೂಗಿದ.

"ಸುಮ್ನ ಕುಂತೀನಿ ಬೇಟಾ, ಏನೂ ಮಾಡಂಗಿಲ್ಲ" ಎಂದಳು ಒಳಗಿನಿಂದ.

ಚಿತ್ರ ಪರೀಕ್ಷೆ ಮಾಡಲು ಒಂದು ಗ್ಯಾಲರಿಯಿಂದ ಹುಡುಗಿಯೊಬ್ಬಳು ಬಂದಳು. ತಂದೆ ತಾಯಿ ಮಂಗಳೂರಿನ ಕಡೆಯವರಂತೆ, ನಮ್ಮ ಮಾತು ಕೇಳಿ ತಾನೂ ಕನ್ನಡ ಶುರು ಮಾಡಿದಳು. ಕೈಗೆ ಬಿಳಿ ಗ್ಲೌಸ್, ಒಂದು ಟಾರ್ಚು, ಒಂದು ಭೂತಗನ್ನಡಿ. ಸಹಿಯ ಮೇಲೆ ಬೆಳಕು ಬಿಟ್ಟು ನೋಡಿದಳು, ಮುಖ ಅರಳಿತು. ಬೆಳಕು ಹಳದಿಯ ಮೇಲೆ ಬಂತು, ಮುಖ ಬಾಡಿತು.

"ಅಂಕಲ್, ಇದು ಇಷ್ಟು ಹೊಸದಾಗಿದೆ ಹೇಗೆ? ಹಳೇ ಪೇಂಟಿಂಗ್ ಅಂದ್ರೆ ಕ್ರ್ಯಾಕ್ ಇರ್ಬೇಕಲ್ಲ?"

"ಇದ್ವು, ಇದ್ವು!" ಖಾಲು ಎದೆಯುಬ್ಬಿಸಿದರು. "ಬಿರುಕಿನ್ಯಾಗ ಪುಟ್ಟಿ ತುಂಬೀನಿ. ಹೋದ ರಮ್ಜಾನಿಗೆ ಕೋಟೂ ಹೊಡದೀನಿ. ಇಪ್ಪತ್ತ ವರ್ಷ ಆತು, ಒಂದ ರಮ್ಜಾನೂ ತಪ್ಪಿಸಿಲ್ಲ."

ಹುಡುಗಿ ನಮ್ಮ ಮಂಚದ ಮೇಲೆ ಕೂತಳು. ಖಾಲಾ ಚಹಾ ಕೊಟ್ಟಳು. ಅರ್ಧ ಕಪ್ಪು ಕುಡಿದು, ಹೆದರಬೇಡಿ, ಮೇಲಿನ ಕೋಟುಗಳನ್ನು ಒಂದೊಂದಾಗಿ ತೆಗೆಯುವ ಜನ ಇದ್ದಾರೆ, ಟೈಮ್ ಹಿಡಿಯುತ್ತದೆ, ಆದರೆ ಅಡಿಯಲ್ಲಿ ಒರಿಜಿನಲ್ ಹಾಗೇ ಇರುತ್ತದೆ ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಖಾಲಾ ಎರಡೂ ಕೈ ಎತ್ತಿ ದುವಾ ಮಾಡಿದಳು.

ಅಷ್ಟಕ್ಕೇ ಸುಮ್ಮನಿದ್ದರೆ ಅವರು ನಮ್ಮ ಖಾಲು ಹೇಗಾದಾರು? ಅವರಿಗೆ ಅವಮಾನವಾಗಿತ್ತು.

"ಅಡಿಯಾಗ ಹೆಂಗಿರತೈತಿ ಬೇಟಿ? ಹಳೇ ರಂಗಿನ ಮ್ಯಾಲ ಹೊಸಾ ರಂಗ ಹಚ್ಚಾಕ ನಾ ಏನ್ ಕಾಮಚೋರ ಪೇಂಟರ್ ಏನ್? ಪೈಲಾ ವರ್ಷನ ಪಾಲಿಶ್ ಪೇಪರ್ ಹೊಡದು ಪೂರಾ ತಿಕ್ಕಿ ತಗದೀನಿ. ಕ್ಯಾನ್ವಾಸಿನ ಬಿಳೀ ಅರಬಿ ಕಾಣೂ ತನಾ!"

ಆ ಉಜ್ಜುವ ಕಾಗದದ ಹೆಸರು ಕೇಳಿ ಹುಡುಗಿ ಕಪ್ಪು ಕೆಳಗಿಟ್ಟಳು.

"ಸಹಿ?"

"ಸಹಿಗೆ ಕೈ ಹಚ್ಚಿಲ್ಲ ಬೇಟಿ. ಅದರ ಮ್ಯಾಲ ಟೇಪ್ ಹಚ್ಚಿ ಬಳೀತೀನಿ. ಇನ್ನೊಬ್ರ ಸಹಿ ಮುಟ್ಟಬಾರದು, ಗುನ್ಹಾ ಆಗತೈತಿ."

ಹೀಗೆ ನಮ್ಮ ಮನೆಯಲ್ಲಿ ಅಸಲಿಯಾಗಿ ಉಳಿದದ್ದು ಎರಡು ಬೆರಳಗಲದ ಸಹಿ. ಇದನ್ನು ಆ ಚಿತ್ರಕಾರರ ಚಿತ್ರ ಎಂದು ಮಾರಲು ಹೋದರೆ ಕೇಸ್ ಆಗುತ್ತದೆ ಎಂದು ಹುಡುಗಿ ಮೆಲ್ಲಗೆ ಹೇಳಿದಳು. ಹೋಗುವಾಗ ಬಾಗಿಲಲ್ಲಿ ನಿಂತು, ಹಳದಿ ಬಹಳ ಚೆನ್ನಾಗಿ ಬಂದಿದೆ ಅಂಕಲ್ ಎಂದಳು, ಪಾಪ. ಅವಳ ಕಣ್ಣಲ್ಲೂ ನೀರಿತ್ತು.

ಅವಳು ಇಳಿದು ಹೋದದ್ದೇ ತಡ, ನಾನು ಖಾಲುವಿನ ಮೇಲೆ ಹರಿಹಾಯ್ದೆ. ಸಿಲಿಂಡರ್ ಬಳಿದಿರಿ, ಗಿಳಿ ಬಳಿದಿರಿ, ಇದೊಂದನ್ನು ಮುಟ್ಟದೆ ಇರಲಿಕ್ಕೆ ಆಗಲಿಲ್ಲವಾ ಎಂದೆ. ನಿಮ್ಮಿಂದ ಈ ಮನೆಗೆ ಏನು ಸಿಕ್ಕಿತು ಎಂದೂ ಕೇಳಿಬಿಟ್ಟೆ. ಡಬ್ಬಿ ಹಿಡಿದು ನಿಂತವನು ನಾನು ಎಂಬುದು ಆಗ ನೆನಪಿರಲಿಲ್ಲವೋ, ನೆನಪಿದ್ದುದಕ್ಕೇ ಅಷ್ಟು ಜೋರಾಗಿ ಕೂಗಿದೆನೋ! ಖಾಲು ಹೋಗಿ ಚಿತ್ರದ ಮುಂದೆ ನಿಂತರು. ಆಮೇಲೆ ಬಂದು ಖಾಲಾಳ ಕಾಲ ಬಳಿ ನೆಲಕ್ಕೆ ಕೂತು, ಆಕೆಯ ಮೊಣಕಾಲಿನ ಮೇಲೆ ಕೈಯಿಟ್ಟರು.

"ನಿನ್ನ ಸಂಡಾಸಿಗೆ ನಾನ ಪಾಲಿಶ್ ಪೇಪರ್ ಹೊಡದಬಿಟ್ನೆಲ್ಲ."

ನಗಬೇಕಾದ ಮಾತು. ನಗಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಖಾಲು ಮಕ್ಕಳ ಹಾಗೆ ಅಳುತ್ತಿದ್ದರು. ಖಾಲಾ ಸೆರಗಿನಿಂದ ಅವರ ಮುಖ ಒರೆಸಿದಳು.

"ಏಳ್ರಿ. ಕೈ ಕೊಡ್ರಿ. ಕೆಳಗ ಹೋಗಬೇಕು."

ಖಾಲು ಆಕೆಯ ತೋಳು ಹಿಡಿದು ಹೊರಟರು. ನಾನು ನೀರಿನ ಬಕೆಟ್ ಎತ್ತಿಕೊಂಡು ಹಿಂದೆ ಇಳಿದೆ. ಮೆಟ್ಟಿಲುಗಳ ತಿರುವಿನಲ್ಲಿ ಆಕೆಯ ಕಾಲು ಮುಂದೆ ಹೋಗಲಿಲ್ಲ. ಖಾಲು ಹೆಗಲ ಮೇಲಿನ ಟವೆಲ್ ಮಡಚಿ ಮೆಟ್ಟಿಲಿಗೆ ಹಾಸಿ ಕೂರಿಸಿದರು, ತಾವೂ ಪಕ್ಕದಲ್ಲಿ ಕೂತರು. ಮೇಲಿಂದ ಇಳಿಯುವವರು, ಕೆಳಗಿಂದ ಹತ್ತುವವರು ಇಬ್ಬರನ್ನೂ ದಾಟಿಕೊಂಡು ಹೋದರು. ಅಷ್ಟೆಲ್ಲ ಅಂದ ನನ್ನ ನಾಲಿಗೆಯ ಬಗ್ಗೆ ನನಗೇ ಹೇಸಿಗೆಯಾಗಿ ನಾನು ಹಿಂದೆಯೇ ನಿಂತಿದ್ದೆ.

"ಮ್ಯಾಲ ಹೋದ ಮ್ಯಾಲ ಹೊಟ್ಟಿ ತುಂಬ ನೀರ ಕುಡಿ" ಎಂದರು ಖಾಲು. "ಎಷ್ಟ ಸಲ ಅಂದ್ರೂ ಇಳಸ್ತೀನಿ."

ಖಾಲಾ ಹೂಂ ಎಂದಳು.