ಶಮನದ ಎರಡನೇ ಅರ್ಥ

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಆಸ್ಪತ್ರೆಯ ಫಾರಂ ಯಾವ ಲೆಕ್ಕ? ಹಾಗಂದುಕೊಂಡೇ ನಾನು ಹೆಂಡತಿ ಗಿರಿಜೆಯನ್ನು ಚನ್ನಗಿರಿಯಲ್ಲಿ ದಾವಣಗೆರೆಯ ಬಸ್ಸು ಹತ್ತಿಸಿದ್ದು. ತಿಂಗಳಿಂದ ಅವಳಿಗೆ ತಲೆಸುತ್ತು. ತಲೆಯ ಸ್ಕ್ಯಾನ್ ಆಗಲೇಬೇಕೆಂದು ಡಾಕ್ಟರು ಹೇಳಿದ್ದರು. ದಾರಿಯುದ್ದಕ್ಕೂ ನನ್ನ ಎದೆ ಡವಡವ, ಮುಖದಲ್ಲಿ ಮಾತ್ರ ಧೈರ್ಯ.

ಆಸ್ಪತ್ರೆಯಲ್ಲಿ ನರ್ಸಮ್ಮ ಒಪ್ಪಿಗೆ ಪತ್ರ ಕೊಟ್ಟರು. "ಅಮ್ಮಾರು ಮಿಷನ್ನಿನೊಳಗೆ ಅಲುಗಾಡಬಾರ್ದು. ಭಯ ಅಂತಾರಲ್ಲ, ಬೇಕಾದ್ರೆ ಸಣ್ಣ ಇಂಜೆಕ್ಷನ್ ಕೊಡ್ತೀವಿ. ಓದಿ ಸಹಿ ಮಾಡ್ರಿ ಸಾರ್."

ಪತ್ರದಲ್ಲಿ 'ರೋಗಿಗೆ ಶಾಮಕ ನೀಡಲು ಸಮ್ಮತಿ ಇದೆ' ಎಂದಿತ್ತು.

"ಶಾಮಕ ಅಂದ್ರೆ ಏನ್ರೀ?" ಎಂದಳು ಗಿರಿಜೆ.

"ಶಮನ ಮಾಡೋದು ಶಾಮಕ. ಮನಸ್ಸನ್ನ ತಣ್ಣಗೆ ಮಾಡೋ ಔಷಧಿ. ಒಂಚೂರು ಮಂಪರು ಬರ್ತೈತೆ, ಅಷ್ಟೆ."

"ಹಂಗಾದ್ರೆ ಒಳ್ಳೇದೇ ಬಿಡ್ರಿ."

ಅಲ್ಲಿಗೆ ನಿಲ್ಲಿಸಬೇಕಿತ್ತು! ಆದರೆ ಗಾಬರಿಯಾದಾಗ ನನ್ನ ಬಾಯಿ ತಾನಾಗಿ ಪಾಠ ಶುರುಮಾಡುತ್ತದೆ. ನಾನಾರ್ಥ ಬರೆಯಿರಿ ಎಂಬ ಪ್ರಶ್ನೆಗೆ ಒಂದೇ ಅರ್ಥ ಬರೆದವರಿಗೆ ಅರ್ಧ ಅಂಕವಷ್ಟೇ ಕೊಟ್ಟವನು ನಾನು.

"ಶಮನ ಅನ್ನೋದಕ್ಕೆ ಇನ್ನೊಂದು ಅರ್ಥಾನೂ ಐತೆ," ಎಂದೆ.

"ಏನು?"

"ಯಮ."

ಗಿರಿಜೆಯ ಮುಖ ಬಿಳಿಚಿಕೊಂಡಿತು. ಪಕ್ಕದಲ್ಲಿ ಕೂತಿದ್ದ ಹೊನ್ನಾಳಿಯ ಹೆಂಗಸು ತಟ್ಟನೆ ಎದ್ದಳು. "ಯಮನ ಇಂಜೆಕ್ಷನ್ನಾ? ನಮ್ಮ ಯಜಮಾನ್ರಿಗೂ ಅದನ್ನೇ ಕೊಡ್ತಾರಂತಲ್ರೀ!"

ನಾನು ಸಮಾಧಾನ ಹೇಳಲು ಹೋದೆ. "ಹಂಗಲ್ಲಮ್ಮಾ, ಯಮ ಎಲ್ಲರನ್ನೂ ಶಾಂತ ಮಾಡ್ತಾನಲ್ಲ, ಅದಕ್ಕೇ ಆ ಹೆಸರು!"

ಆಕೆ ಆಸ್ಪತ್ರೆಯ ಹಸಿರು ಅಂಗಿ ತೊಟ್ಟಿದ್ದ ಗಂಡನನ್ನು ಎಳೆದುಕೊಂಡು ಬಾಗಿಲ ಕಡೆ ಓಡಿದಳು. ನರ್ಸಮ್ಮ ಅವರ ಹಿಂದೆ ಓಡಿದರು.

"ನಾನೊಲ್ಲೆ. ನಡೀರಿ ಊರಿಗೆ," ಎಂದು ಗಿರಿಜೆ ಚೀಲ ಎತ್ತಿಕೊಂಡಳು.

"ಹಂಗನ್ನಬ್ಯಾಡ ಮಾರಾಯ್ತಿ! ನಿನ್ನ ತಲೇಲಿ ಏನೈತೋ ಅಂತ ತಿಂಗಳಿಂದ ನನಗೆ ಅನ್ನ ಸೇರ್ತಿಲ್ಲ!" ಎಂದೆ. ಅವಳು ಬಾಗಿಲು ದಾಟುವ ಮೊದಲೇ ಸಹಿ ಮುಗಿಸೋಣವೆಂದು ಅವಸರದಲ್ಲಿ ಗೀಚಿದೆ. ರೋಗಿಯ ಜಾಗದಲ್ಲಿ!

ದಂಪತಿಗಳನ್ನು ಹಿಡಿದು ತಂದಿದ್ದ ನರ್ಸಮ್ಮ ಪತ್ರ ನೋಡಿದರು, ನನ್ನನ್ನೂ ನೋಡಿದರು. "ಸಾರ್, ಅಮ್ಮಾರಿಗೆ ನಾನು ತಿಳಿಸಿ ಹೇಳ್ತೀನಿ. ನೀವು ಕೆಳಗೆ ಹೋಗಿ ಟೀ ಕುಡೀರಿ. ನಾವು ಕರೆಯೋ ತನಕ ಬರಬ್ಯಾಡ್ರಿ."

ಎರಡು ಟೀ ಕುಡಿದೆ, ಎರಡರ ರುಚಿಯೂ ತಿಳಿಯಲಿಲ್ಲ. ಕರೆ ಬಂದಾಗ ಮೆಟ್ಟಿಲು ಹಾರಿಕೊಂಡು ಹೋದೆ. ಗಿರಿಜೆ ನಗುತ್ತಾ ಕೂತಿದ್ದಳು.

"ಸ್ಕ್ಯಾನ್ ಆತೇನೇ? ಇಂಜೆಕ್ಷನ್ ಕೊಟ್ರಾ?"

"ಅದೇನೂ ಬೇಕಾಗ್ಲಿಲ್ಲ. ಒಳಗೆ ಟಕಟಕ ಅಂತ ಭಾರಿ ಗಲಾಟೆ. ಆದ್ರೂ ಯಾರೂ ಅರ್ಥ ಹೇಳ್ತಿರ್ಲಿಲ್ಲ ನೋಡ್ರಿ, ಹಂಗೇ ಜೊಂಪು ಹತ್ತಿತು."

ಸಂಜೆ ರಿಪೋರ್ಟು ಬಂತು. ಡಾಕ್ಟರು ನೋಡಿ ಕಳಿಸಿದ ಮೇಲೆ ನರ್ಸಮ್ಮ ಅದನ್ನು ನನ್ನ ಕೈಗಿಟ್ಟು, "ಅಮ್ಮಾರ ತಲೆ ಸರಿಯಾಗೈತೆ ಸಾರ್," ಎಂದರು.

'ಅಮ್ಮಾರ' ಎಂಬುದನ್ನು ಸ್ವಲ್ಪ ಒತ್ತಿಯೇ ಹೇಳಿದರು. ಅದರ ಎರಡನೇ ಅರ್ಥ ಕೇಳಲು ನಾನು ಹೋಗಲಿಲ್ಲ.