ಲೇಖಕರಿಗೆ ಹಾಕಿದ ಗಾಳ

ಮುಂಬಯಿಯಲ್ಲಿ ಬೆಳಗಿನ ಲೋಕಲ್‌ನಲ್ಲಿ ಸೀಟಾದರೂ ಸಿಕ್ಕೀತು, ಕನ್ನಡ ಪತ್ರಿಕೆಗೆ ಒಳ್ಳೆಯ ಲೇಖಕರು ಸಿಗುವುದಿಲ್ಲ. ಎಂಬತ್ತರ ದಶಕದಲ್ಲಿ ಮಾಟುಂಗದ ನಮ್ಮ ಸಂಘದ ಮಾಸಪತ್ರಿಕೆಗೆ ನಾನು ಸಂಪಾದಕ. ಹಗಲು ಬ್ಯಾಂಕಿನ ಗುಮಾಸ್ತ. ಸಂಪಾದನೆಯೆಲ್ಲ ಅಲ್ಲಿ, ಸಂಪಾದಕತ್ವ ಇಲ್ಲಿ. ಬರುತ್ತಿದ್ದದ್ದು ಮೊಮ್ಮಗಳ ನಾಮಕರಣದ ಕವನ, ಮಾವನ ಷಷ್ಟ್ಯಬ್ದಿಯ ಪದ್ಯ. ಬೇಸತ್ತ ಕಮಿಟಿಯವರು ಒಂದು ದಿನ ಹೇಳಿಯೇಬಿಟ್ಟರು: "ದೀಪಾವಳಿ ಹಬ್ಬದೊಳಗೆ ಓದುವಂಥದ್ದು ನಾಲ್ಕು ಬರದಿದ್ದರೆ ಪತ್ರಿಕೆ ಬಂದ್. ನಿಮ್ಮ ಕೋಣೆಯಲ್ಲಿ ಕೇರಂ ಬೋರ್ಡ್ ಇಡ್ತೇವೆ." ಚಾಳಿನ ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲರೊಡನೆ ಬದುಕುವ ನನಗೆ ನನ್ನದು ಅಂತ ಒಂದು ಕುರ್ಚಿ ಇದ್ದದ್ದು ಸಂಘದ ಆ ಕೋಣೆಯಲ್ಲಿ ಮಾತ್ರ.

ದೋಸೆ ಯೋಜನೆ

ಸಂಘದ ಅಧ್ಯಕ್ಷರು ಉಡುಪಿ ಕಡೆಯವರು, ಸ್ಟೇಷನ್ ಪಕ್ಕದಲ್ಲೇ ಅವರ ಹೋಟೆಲು. "ಲೇಖಕರು ಬರುದಿಲ್ಲ ಅಂದ್ರೆ ಎಂತ ಮಾರಾಯ್ರೆ? ಒಂದು ಲೇಖನಕ್ಕೆ ಒಂದು ಮಸಾಲೆ ದೋಸೆ ಅಂತ ಹಾಕಿ" ಎಂದರು. ಹಾಕಿದೆ. ಭಾಂಡುಪ್‌ನ ಮಹನೀಯರೊಬ್ಬರು ತಾವು ಲೋಕಲ್‌ನಲ್ಲಿ ಮಾಟುಂಗಕ್ಕೆ ಬಂದ ಪ್ರವಾಸಕಥನ ಶುರುಮಾಡಿದರು. ಕಂತಿನ ಮೇಲೆ ಕಂತು ಬಂತು. ಗಾಡಿ ಮಾತ್ರ ನಡುದಾರಿಯ ಘಾಟ್ಕೋಪರ್ ಬಿಟ್ಟು ಕದಲಲಿಲ್ಲ.

"ಸ್ವಾಮಿ, ಮಾಟುಂಗ ಯಾವಾಗ ಬರುತ್ತೆ?" ಎಂದೆ.

"ಬಂದುಬಿಟ್ರೆ ದೋಸೆ ನಿಂತುಹೋಗುತ್ತಲ್ಲ ಸಾರ್!"

ಓದುಗರೇ ದೇವರು

ಆಮೇಲೆ ಕಮಿಟಿಯ ಸಲಹೆ: ಯಾರ ಬರಹಕ್ಕೆ ಹೆಚ್ಚು ಓದುಗರು ಮೆಚ್ಚುಗೆಯ ಸಹಿ ಹಾಕುತ್ತಾರೋ ಅವರಿಗೆ ಮೊದಲ ಪುಟ. ಸಾಂತಾಕ್ರೂಜ್‌ನ ಕವಿಯೊಬ್ಬರು ಇಡೀ ಬಿಲ್ಡಿಂಗಿನ ಸಹಿ ತಂದರು. ಅವರು ಅಲ್ಲಿನ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ನೀರಿನ ಪಂಪು ಅವರ ಕೈಯಲ್ಲಿ. ನನಗೆ ಅನುಮಾನ ಬಂತು; ಅಲ್ಲಿಗೇ ಹೋಗಿ, ಕೆಳಮನೆಯ ಗುಜರಾತಿ ಸೇಠರನ್ನು ಕವಿತೆ ಓದಿದಿರಾ ಎಂದು ಕೇಳಿದೆ.

ಸೇಠರು ಗಾಬರಿಯಾದರು. "ಪಢನಾ ಭೀ ಪಡೇಗಾ?"

ಓದಲೂ ಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಹಿ ಹಾಕಿದರೆ ನೀರು ಬರುತ್ತದೆ ಎಂದಷ್ಟೇ ಹೇಳಿದ್ದರು.

ಕೊನೆಯ ಗಾಳ

ಹಬ್ಬ ಹತ್ತಿರ ಬಂತು. ಕೈಯಲ್ಲಿ ಓದುವಂಥದ್ದು ಒಂದೂ ಇಲ್ಲ. ನನ್ನ ಮುಖ ನೋಡಲಾರದೆ ಅಧ್ಯಕ್ಷರು ತಮ್ಮ ಹೋಟೆಲಿನೆದುರು ತಾವೇ ಒಂದು ಬೋರ್ಡ್ ಬರೆಸಿ ನಿಲ್ಲಿಸಿದರು. ಮರಾಠಿಯವರು ದೀಪಾವಳಿಗೆ ದಿವಾಳಿ ಎನ್ನುತ್ತಾರೆ. ಮುಂಬಯಿ ನೀರು ಕುಡಿದ ಅಧ್ಯಕ್ಷರ ಬಾಯಲ್ಲೂ ಅದೇ. ಬೋರ್ಡಿನಲ್ಲಿದ್ದದ್ದು ಇಷ್ಟು: "ನಮ್ಮ ಪತ್ರಿಕೆಯ ದಿವಾಳಿ! ಲೇಖಕರೇ, ಕೂಡಲೇ ಬರೆಯಿರಿ."

ಕನ್ನಡದಲ್ಲಿ ದಿವಾಳಿ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ.

ಒಂದೇ ವಾರದಲ್ಲಿ ನನ್ನ ಮೇಜು ತುಂಬಿತು. ಎಷ್ಟು ಕಾಡಿದರೂ ಒಂದು ಸಾಲು ಕೊಡದಿದ್ದ ಪ್ರೊಫೆಸರರು, "ನಿಮ್ಮ ಪತ್ರಿಕೆಗೆ ಬರೆಯುವುದೇ?" ಎಂದು ಮೂಗು ಮುರಿದಿದ್ದ ಕಥೆಗಾರರು, ಎಲ್ಲರೂ ಬರೆದಿದ್ದರು. ಎಂಥ ಭಾಷೆ, ಎಂಥ ಭಾವ! ಓದುತ್ತ ನನಗೇ ಕಣ್ಣು ತುಂಬಿತು. ಅಷ್ಟೂ ಶ್ರದ್ಧಾಂಜಲಿಗಳು.

ಹಾಗೆಯೇ ಅಚ್ಚುಹಾಕಿಸಿದೆವು. ಪ್ರತಿಗಳೆಲ್ಲ ಖರ್ಚಾದವು, ಕಮಿಟಿ ತೆಪ್ಪಗಾಯಿತು, ನನ್ನ ಕುರ್ಚಿ ಉಳಿಯಿತು. ಆ ಹುರುಪಿನಲ್ಲಿ ಪ್ರೊಫೆಸರರ ಮನೆಗೆ ಹೋಗಿ, "ಪತ್ರಿಕೆ ಬದುಕಿದೆ ಸಾರ್, ಮುಂದಿನ ತಿಂಗಳಿಗೂ ಒಂದು ಕೊಡಿ" ಎಂದು ಕೈಮುಗಿದೆ.

ಅವರ ಮುಖ ಸಪ್ಪಗಾಯಿತು. "ಬದುಕಿದೆಯೇ? ಮೊದಲೇ ಹೇಳಬಾರದೇನ್ರೀ? ಬರೀತಾನೇ ಇರಲಿಲ್ಲ!"

ಪೆಚ್ಚಾಗಿ ಬಂದು ಅಧ್ಯಕ್ಷರಿಗೆ ಹೇಳಿದೆ. ಅವರು ಕಾಫಿ ಮುಂದಿಟ್ಟು ಸಮಾಧಾನ ಮಾಡಿದರು:

"ಮಂಡೆಬಿಸಿ ಎಂತಕ್ಕೆ ಸಂಪಾದಕರೇ? ಬರುವ ವರ್ಷ ಇನ್ನೂ ಜೋರು ದಿವಾಳಿ ಮಾಡುವ!"