ಅಲುಗದ ಅಲಗು

ಎಲಾದಿಯೊನ ಆ ದಿನದ ಫಜೀತಿಗೆಲ್ಲ ಕಾರಣ ಬಾರಿನಲ್ಲಿ ಕೈ ಒರೆಸಲು ಇಡುವ ಒಂದು ಟಿಶ್ಯೂ ಕಾಗದ. ಬೆಳಿಗ್ಗೆ ಒಂಬತ್ತಕ್ಕೆ ಅವನು ಚಾಕು ಕಾರ್ಖಾನೆಯ ಬಾಗಿಲು ತೆಗೆಯುತ್ತಿದ್ದಾಗ, ಪಕ್ಕದ ಬಾರಿನ ಉಲ್ಪಿಯಾನೊ ಬಂದು ಅದನ್ನು ಅವನ ಕೈಗಿಟ್ಟ. ಕಾಗದದೊಳಗೆ ಒಂದು ಮಡಚುವ ಚಾಕು. ಕಾಗದದ ಮೇಲೆ ಆಲಿವ್ ಎಣ್ಣೆಯ ಕಲೆ. ಕಲೆಯ ಸುತ್ತ ಪೆನ್ಸಿಲಿನ ಅಕ್ಷರ:

"ಚಾಕುವಿನ ಹೆಂಗಸು. ಹ್ವೇಗೊ ಇದೆ. ಸಂಜೆ ಐದಕ್ಕೆ ಬರ್ತಾಳೆ."

"ನೀವಿನ್ನೂ ಬಾಗಿಲು ತೆಗೆದಿರ್ಲಿಲ್ಲ. ಅವಳಿಗೆ ಎಲ್ಲೋ ಹೋಗೋ ಅವಸರ," ಎಂದ ಉಲ್ಪಿಯಾನೊ. "ನಾನು ಕಾಫಿ ಯಂತ್ರದ ಮುಂದೆ ನಿಂತಿದ್ದೆ. ಕಿವಿಗೆ ಬಿದ್ದಷ್ಟನ್ನ ಹಾಗೇ ಬರ್ಕೊಂಡೆ. ಒಂದಕ್ಷರ ನಂದಲ್ಲ."

ಹ್ವೇಗೊ ಎಂಬ ಪದಕ್ಕೆ ಸ್ಪೇನಿನಲ್ಲಿ ಹತ್ತು ಅರ್ಥ ಇರಬಹುದು. ಮಕ್ಕಳ ಆಟ ಹ್ವೇಗೊ, ಇಸ್ಪೀಟು ಹ್ವೇಗೊ. ಆದರೆ ಚಾಕುಗಳಿಗೇ ಹೆಸರಾದ ಅಲ್ಬಸೇತೆ ಊರಿನ ಕೆಲಸಗಾರನ ಕಿವಿಗೆ ಒಂದೇ ಅರ್ಥ: ಅಲಗು ಹಿಡಿಯೊಳಗೆ ಆಟ ಆಡುತ್ತಿದೆ. ಚಾಕು ಪೂರ್ತಿ ಬಿಚ್ಚಿ, ಬೀಗ ಬಿದ್ದು ಗಟ್ಟಿ ನಿಲ್ಲಬೇಕಾದ ಅಲಗು ಅಲುಗುತ್ತಿದೆ. ಈ ಊರಿನಲ್ಲಿ ಒಬ್ಬನ ಹಲ್ಲು ಅಲುಗುತ್ತಿದೆ ಎಂದರೆ ಅಯ್ಯೋ ಪಾಪ ಅನ್ನುತ್ತಾರೆ. ಅವನು ಮಾಡಿದ ಚಾಕು ಅಲುಗುತ್ತಿದೆ ಎಂದರೆ ಬೀದಿಯ ಆಚೆ ಬದಿಯಿಂದ ಹೋಗುತ್ತಾರೆ.

ಎಲಾದಿಯೊ ಕಾಗದ ಬಿಡಿಸಿ ಚಾಕುವಿನ ಅಲಗು ನೋಡಿದ. ಬುಡದಲ್ಲಿ ಬಸವನಹುಳುವಿನ ಪುಟ್ಟ ಮುದ್ರೆ. ಅವನ ಮುದ್ರೆ.

ಹತ್ತೊಂಬತ್ತು ವರ್ಷ ಅವನು ಬೇರೆಯವರ ಅಲಗುಗಳಿಗೆ ಕೊಂಬಿನ ಹಿಡಿ ಉಜ್ಜಿದ್ದ. ಹೋದ ತಿಂಗಳು ಒಡತಿ ಡೋನ್ಯಾ ಎರ್ಮಿನಿಯಾ ಕರೆದು, ಇನ್ನು ಇಡೀ ಚಾಕು ನೀನೇ ಮಾಡು, ನಿನ್ನದೇ ಮುದ್ರೆ ಹೊಡೆ ಎಂದಿದ್ದಳು. ಯಾವ ಗುರುತು ಬೇಕು ಎಂದಾಗ ಎಲಾದಿಯೊ ನಾಲ್ಕು ದಿನ ಯೋಚಿಸಿ, ತನ್ನ ಏರಿಕೆಯ ವೇಗಕ್ಕೆ ತಕ್ಕಂತೆ, ಬಸವನಹುಳು ಎಂದಿದ್ದ. ಒಡತಿಯ ಷರತ್ತು ಒಂದೇ. "ನಿನ್ನ ಹುಳ ಇರೋ ಚಾಕು ಒಂದೇ ಒಂದು ಅಲುಗಾಡ್ಕೊಂಡು ವಾಪಸ್ ಬಂತೋ, ಮುದ್ರೆ ನನ್ನ ಡ್ರಾಯರಿಗೆ, ನೀನು ಮತ್ತೆ ಕೊಂಬಿಗೆ."

ಮೊದಲನೆಯ ಚಾಕು ನಿನ್ನೆ ಸಂಜೆಯಷ್ಟೇ ಮಾರಾಟವಾಗಿತ್ತು. ಇವತ್ತು ಬೆಳಿಗ್ಗೆ ಟಿಶ್ಯೂ ಹೊದ್ದುಕೊಂಡು ತವರಿಗೆ ಬಂದಿದೆ. ಪುಣ್ಯಕ್ಕೆ ಒಡತಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ಸಂಜೆಯವರೆಗೆ ಸಮಯವಿತ್ತು.

ಅವನು ಚಾಕು ಬಿಚ್ಚಿದ. ಅಲಗಿನ ಬುಡದ ಹಲ್ಲುಗಳು ಒಂದೊಂದಾಗಿ ಸ್ಪ್ರಿಂಗ್ ದಾಟಿ, ಕರ್ ಕರ್ ಕರ್ ಟಕ್ ಎಂದು ಬೀಗ ಬಿತ್ತು. ಅಲಗನ್ನು ಎಡಕ್ಕೆ ಬಲಕ್ಕೆ ಒತ್ತಿದ. ಅಲುಗಲಿಲ್ಲ. ಮೇಲೆ ಕೆಳಗೆ ಒತ್ತಿದ. ಅಲುಗಲಿಲ್ಲ. ಕಿವಿಯ ಹತ್ತಿರ ಹಿಡಿದು ಕುಲುಕಿದ. ಆದರೆ ಅಲುಗದ ವಸ್ತುವನ್ನು ನೂರು ಸಲ ಅಲುಗಿಸಿ ನೋಡಿದರೆ ನೂರೊಂದನೆಯ ಸಲ ಏನೋ ಅಲುಗಿದ ಹಾಗೆ ಅನ್ನಿಸಿಯೇ ಅನ್ನಿಸುತ್ತದೆ.

"ಏನೋ ಅದು, ಬೆಳಿಗ್ಗೆ ಬೆಳಿಗ್ಗೆ ಚಾಕುವಿನ ನಾಡಿ ಹಿಡ್ಕೊಂಡು ಕೂತಿದೀಯ?" ಎನ್ನುತ್ತ ಪಾಲಿಶ್ ಕೆಲಸದ ಬೆನಿಗ್ನಾ ಒಳಗೆ ಬಂದಳು. ಚಾಕು ಕಿತ್ತುಕೊಂಡು, ತಾನೂ ಒತ್ತಿ ನೋಡಿ, ವಾಪಸು ಕೊಟ್ಟಳು. "ಇದೇನೂ ಅಲುಗ್ತಿಲ್ಲ. ಅಲುಗ್ತಿರೋದು ನಿನ್ನ ಕೈ."

ಅಲ್ಲಿಗೇ ನಿಂತಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಹತ್ತು ಗಂಟೆಗೆ ಕಾಸಿಮಿರೊ ಮೇಸ್ತ್ರಿ ಬಂದ. ಕಾಸಿಮಿರೊಗೆ ಎಪ್ಪತ್ತೆಂಟು. ಕೆಲಸ ಬಿಟ್ಟು ಹತ್ತು ವರ್ಷವಾಗಿತ್ತು. ಆದರೂ ಪ್ರತಿದಿನ ಬಂದು ಒಲೆಯ ಪಕ್ಕ ಕೂತು ಎಲ್ಲರ ಕೆಲಸದಲ್ಲಿ ತಪ್ಪು ಹುಡುಕುವುದನ್ನು ಬಿಟ್ಟಿರಲಿಲ್ಲ. ಒಂದು ಕಾಲದಲ್ಲಿ ಅವನ ಹುಂಜದ ಮುದ್ರೆ ಇದ್ದ ಚಾಕುವಿಗಾಗಿ ಜನ ಮ್ಯಾಡ್ರಿಡ್ಡಿನಿಂದ ಬರುತ್ತಿದ್ದರಂತೆ. ಹಾಗೆಂದು ಅವನೇ ಹೇಳುತ್ತಿದ್ದ.

ಅವನು ಚೀಟಿ ಓದಿ, ಕಣ್ಣು ಮುಚ್ಚಿ, ಅಲಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಹೇಳಿದ: "ಇದೆ."

"ಎಲ್ಲಿ ಮೇಸ್ತ್ರಿ?"

"ಎಲ್ಲಿ ಅಂತ ಬೇರೆ ಕೇಳ್ತಾನೆ. ಕಾಸು ಕೊಟ್ಟೋಳು ಇದೆ ಅಂತ ಬರೆಸಿ ಹೋಗಿದಾಳೆ, ಇಲ್ಲ ಅನ್ನಕ್ಕೆ ನೀನ್ಯಾರು? ನೋಡು ಮಗ, ಅಲುಗಾಟದಲ್ಲಿ ಎರಡು ಜಾತಿ. ಅಡ್ಡ ಆಡಿದ್ರೆ ರಿವೆಟ್ ಸಡಿಲ. ಮೇಲೆ ಕೆಳಗೆ ಆಡಿದ್ರೆ ಸ್ಪ್ರಿಂಗ್ ಕೂರೋ ಕಚ್ಚು ಸರಿಯಿಲ್ಲ. ಇದು ಅಡ್ಡದ್ದು. ಸುತ್ತಿಗೆ ತಾ."

ಕಾಸಿಮಿರೊ ಚಾಕು ಮಡಚಿ, ರಿವೆಟ್ಟಿನ ತಲೆಗೆ ಎರಡು ಪುಟ್ಟ ಏಟು ಕೊಟ್ಟ. ಆಮೇಲೆ, ಪಾಯಸದ ಮೇಲೆ ಇನ್ನೊಂದು ಚಮಚ ತುಪ್ಪ ಸುರಿಯುವ ಅಜ್ಜಿಯ ಹಾಗೆ, ಮೂರನೆಯದೊಂದನ್ನು ಕೊಟ್ಟ. ಎಲಾದಿಯೊ ಚಾಕು ಬಿಚ್ಚಲು ಹೋದ. ಬರಲಿಲ್ಲ. ಬೆನಿಗ್ನಾ ಎಳೆದಳು. ಬರಲಿಲ್ಲ. ಸದ್ದು ಕೇಳಿ ಉಲ್ಪಿಯಾನೊ ಬಾರು ಬಿಟ್ಟು ಓಡಿ ಬಂದ. ಎಲಾದಿಯೊ ಹಿಡಿ ಹಿಡಿದ, ಉಲ್ಪಿಯಾನೊ ಹೊರಗೆ ಕಾಣುವ ಅಲಗಿನ ಬೆನ್ನನ್ನು ಬಟ್ಟೆಯಲ್ಲಿ ಹಿಡಿದು ಎಳೆದ. ಇಬ್ಬರೂ ಬೇರೆ ಬೇರೆ ಗೋಡೆಗೆ ಹೋಗಿ ಬಡಿದರು. ಚಾಕು ಮಾತ್ರ ಮುನಿಸಿಕೊಂಡವರ ಬಾಯಿಯ ಹಾಗೆ ಮುಚ್ಚಿಯೇ ಇತ್ತು.

"ಈಗ ಅಲುಗ್ತಿದೆಯಾ? ಇಲ್ಲ ತಾನೇ?" ಎಂದ ಕಾಸಿಮಿರೊ ತೃಪ್ತಿಯಿಂದ.

"ಬಿಚ್ಚಕ್ಕೇ ಬರ್ತಿಲ್ಲ ಮೇಸ್ತ್ರಿ!"

"ಬಿಚ್ಚಕ್ಕೆ ಬರಲ್ಲ ಅಂತ ಚೀಟೀಲಿ ಬರೆದಿದಾಳಾ?"

ರಿವೆಟ್ಟನ್ನು ಕೊರೆದು ತೆಗೆಯದೆ ವಿಧಿಯಿರಲಿಲ್ಲ. ತೆಗೆದಾಗ ಒಳಗಿನ ಹಿತ್ತಾಳೆಯ ವಾಷರು ಅಪ್ಪಚ್ಚಿಯಾಗಿ, ಹಪ್ಪಳದ ಚೂರಿನಂತೆ ಉದುರಿತು. ಆ ಅಳತೆಯ ವಾಷರು ಬೇರೆ ಇರಲಿಲ್ಲ.

"ನಮ್ಮಲ್ಲಿ ಮೀನಿನ ಡಬ್ಬಿ ಇದೆ," ಎಂದ ಉಲ್ಪಿಯಾನೊ. "ಒಳ್ಳೆ ಗಟ್ಟಿ ತಗಡು. ಒಂದು ವಾಷರ್ ಕತ್ತರಿಸ್ಕೊಳ್ಳಿ, ಮೀನು ನಾನು ಗಿರಾಕಿಗೆ ಹಾಕ್ತೀನಿ."

ಡಬ್ಬಿಯ ತಗಡಿನ ವಾಷರು ಹಾಕಿ, ಹೊಸ ರಿವೆಟ್ ಬಡಿದರು. ಚಾಕು ಬಿಚ್ಚಿತು. ಅಲಗಿಗೆ ಮೀನಿನ ವಾಸನೆಯಿತ್ತು. ಈಗ ಅಡ್ಡಕ್ಕೆ ಕೂದಲಷ್ಟೂ ಅಲುಗುತ್ತಿರಲಿಲ್ಲ. ಆದರೆ ರಿವೆಟ್ಟಿನ ತೂತು ಕೊರೆಯುವಾಗ ಒಂದಿಷ್ಟು ದೊಡ್ಡದಾಗಿ, ಅಲಗು ಒಂದಿಷ್ಟು ಮುಂದಕ್ಕೆ ಸರಿದಿತ್ತು. ಹಾಗಾಗಿ ಸ್ಪ್ರಿಂಗಿನ ಹಲ್ಲು ಅಲಗಿನ ಕಚ್ಚಿನಲ್ಲಿ ಸರಿಯಾಗಿ ಕೂರದೆ, ಅಲಗು ಮೇಲೆ ಕೆಳಗೆ ಆಡಲು ಶುರುವಾಯಿತು. ಚಾಪೆಯ ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಏಳುವ ಹಾಗೆ.

"ಹೇಳ್ಲಿಲ್ವಾ? ಎರಡನೇ ಜಾತಿ!" ಎಂದು ಕಾಸಿಮಿರೊ ತೊಡೆ ತಟ್ಟಿದ. "ಕಚ್ಚನ್ನ ಒಂದು ಕೂದಲೆಳೆಯಷ್ಟು ಅರ ಹಾಕಿದ್ರೆ ಆಯ್ತು."

"ನಿಮ್ಮ ಕೂದಲೋ, ಕುದುರೆ ಕೂದಲೋ?" ಎಂದಳು ಬೆನಿಗ್ನಾ.

ಮೇಸ್ತ್ರಿ ಅರ ಹಾಕಿದ. ಸಾಲಲಿಲ್ಲ. ಎಲಾದಿಯೊ ಹಾಕಿದ. ಹೆಚ್ಚಾಯಿತು. ಹೆಚ್ಚಾದದ್ದನ್ನು ಸರಿಮಾಡಲು ಆಚೆ ಬದಿಗೂ ಹಾಕಿದರು. ಎರಡು ಗಂಟೆಯ ಹೊತ್ತಿಗೆ ಕಚ್ಚು ಎಂಬುದು ಒಂದು ಗುಂಡಿಯಾಗಿ, ಬೀಗ ಬಿದ್ದ ಅಲಗು ಮದುವೆ ಮನೆಯಲ್ಲಿ ಎಲ್ಲದಕ್ಕೂ ಹೂಂ ಹೂಂ ಅನ್ನುವ ಮುದುಕನ ಹಾಗೆ ತಲೆಯಾಡಿಸುತ್ತಿತ್ತು.

ಎಲ್ಲರೂ ಊಟಕ್ಕೆ ಹೋದರು. ಎಲಾದಿಯೊ ಹೋಗಲಿಲ್ಲ. ಬೆನಿಗ್ನಾ ಒಂದು ತುಂಡು ಆಲೂಗಡ್ಡೆ ಆಮ್ಲೆಟ್ ತಂದು ಮುಂದಿಟ್ಟಳು.

"ತಿನ್ನೋ. ಹೊಟ್ಟೇಲಿ ಏನೂ ಇಲ್ದೆ ಕೆಟ್ಟ ಸುದ್ದಿ ಕೇಳಬಾರದು."

"ಬೆಳಿಗ್ಗೆ ಅದು ಅಲುಗ್ತಿರ್ಲಿಲ್ಲ ಅಲ್ವಾ ಬೆನಿಗ್ನಾ?"

"ಬೆಳಿಗ್ಗೆ ನಾನು ಹೇಳಿದ್ದೇನು? ಈಗ ಅವಳು ಬಂದ್ರೆ ದೂರು ಕೊಡಕ್ಕೆ ಒಂದು ಕಾರಣವಾದ್ರೂ ಇದೆ. ಪಾಪ, ಬೆಳಿಗ್ಗೆ ಅದೂ ಇರ್ಲಿಲ್ಲ."

ಮೂರೂವರೆಗೆ ಸಭೆ ಸೇರಿತು. ಹೊಸ ಅಲಗೇ ಬೇಕು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಕಾಯಿಸಿ, ಬಡಿದು, ಹದ ಹಾಕಿ, ಸಾಣೆ ಹಿಡಿಯಲು ಎರಡು ದಿನ ಬೇಕು. ಇರುವುದು ಒಂದೂವರೆ ಗಂಟೆ. ಆಗ ಕಾಸಿಮಿರೊ ಎದ್ದು ಹೋಗಿ, ತನ್ನ ಹಳೆಯ ಕಬ್ಬಿಣದ ಪೆಟ್ಟಿಗೆಯಿಂದ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಒಂದು ಅಲಗು ತಂದ. ಅದೇ ಉದ್ದ, ಅದೇ ಆಕಾರ, ಕನ್ನಡಿಯಂಥ ಹೊಳಪು. ಅವನು ಮಾಡಿದ ಕೊನೆಯ ಅಲಗಂತೆ. ಬುಡದಲ್ಲಿ ಎದೆ ಉಬ್ಬಿಸಿ ನಿಂತ ಹುಂಜ.

"ತಗೋ. ಮೂರನೇ ಏಟು ಹಾಕಿದ್ದು ನಾನು ತಾನೇ," ಎಂದ. ಇಡೀ ದಿನದಲ್ಲಿ ಅವನು ತಪ್ಪೊಪ್ಪಿಕೊಂಡದ್ದು ಅಷ್ಟೇ.

"ಆದ್ರೆ ಮುದ್ರೆ..."

"ಲೋ, ಅವಳು ಅಲುಗಾಟ ಬೇಡ ಅಂದಿದಾಳೆ. ಮುದ್ರೆ ಯಾವ ಹೆಂಗಸು ನೋಡ್ತಾಳೆ?" ಎಂದ ಉಲ್ಪಿಯಾನೊ.

"ಹೆಂಗಸರು ಏನೇನು ನೋಡ್ತಾರೆ ಅಂತ ನಿನಗೆ ಗೊತ್ತಿದ್ರೆ ನಿನ್ನ ಹೆಂಡತಿ ತವರಲ್ಲಿ ಯಾಕಿರ್ತಿದ್ಲು?" ಎಂದಳು ಬೆನಿಗ್ನಾ.

ಎಲಾದಿಯೊ ಯೋಚಿಸಿದ. ಬಸವನಹುಳು ಇರುವ ಚಾಕು ಅಲುಗುತ್ತಿದೆ ಎಂದು ಒಡತಿಗೆ ಗೊತ್ತಾದರೆ ಬಸವನಹುಳು ಡ್ರಾಯರಿಗೆ. ಬಸವನಹುಳುವೇ ಇಲ್ಲದ ಚಾಕು ಅಲುಗಿದರೂ, ಅಲುಗದಿದ್ದರೂ, ಬಸವನಹುಳುವಿಗೆ ಏನೂ ಆಗದು. ಇಷ್ಟು ಗಟ್ಟಿಯಾದ ತರ್ಕ ಅವನ ತಲೆಯಲ್ಲಿ ಹಿಂದೆಂದೂ ಹುಟ್ಟಿರಲಿಲ್ಲ. ಅವನು ತನ್ನ ಅಲಗನ್ನು ಗುಜರಿ ಡಬ್ಬಕ್ಕೆ ಹಾಕಿ, ಹುಂಜವನ್ನು ಕೈಗೆತ್ತಿಕೊಂಡ.

ಐದಕ್ಕೆ ಹತ್ತು ನಿಮಿಷವಿರುವಾಗ ರಿವೆಟ್ಟಿನ ತಲೆ ನಯವಾಯಿತು. ಕರ್ ಕರ್ ಕರ್ ಟಕ್. ಎಡಕ್ಕಿಲ್ಲ, ಬಲಕ್ಕಿಲ್ಲ, ಮೇಲಿಲ್ಲ, ಕೆಳಗಿಲ್ಲ. ಊರ ಚರ್ಚೇ ಅಲುಗಬಹುದು, ಇದು ಅಲುಗದು. ಎಲಾದಿಯೊ ತಣ್ಣಗಾದ ಆಮ್ಲೆಟ್ಟನ್ನು ಎರಡೇ ತುತ್ತಿಗೆ ನುಂಗಿದ.

ಎರಡನೆಯ ತುತ್ತು ಗಂಟಲಲ್ಲಿರುವಾಗ ಒಡತಿ ಬಂದಳು. ಎಡಗೆನ್ನೆ ಬ್ರೆಡ್ಡಿನ ಹಾಗೆ ಊದಿತ್ತು. ಅವಳ ಹಿಂದೆಯೇ, ದೊಡ್ಡ ಕೈಚೀಲ ಹಿಡಿದ, ಎತ್ತರದ ಹೆಂಗಸೊಬ್ಬಳು.

"ನಾನು ಅಲ್ಮಾನ್ಸಾ ಊರಿನವಳು. ಬೆಳಿಗ್ಗೆ ಚಾಕು ಬಿಟ್ಟು ಹೋಗಿದ್ದೆ," ಎಂದಳು ಆಕೆ.

ಎಲಾದಿಯೊ ಎರಡೂ ಕೈಯಲ್ಲಿ ಚಾಕು ಮುಂದೆ ಹಿಡಿದ. "ಇನ್ನು ಅಲುಗಲ್ಲ ಅಮ್ಮ. ನೀವೇ ನೋಡಿ."

"ಅಲುಗೋದಾ? ನಿನ್ನೆ ಎಲ್ಲಿ ಅಲುಗ್ತಿತ್ತು? ಬಂಡೆ ಹಾಗಿತ್ತಲ್ಲಪ್ಪ! ನಾನು ಕೇಳಿದ್ದು ಹ್ವೇಗೊ ಇದೆಯಾ ಅಂತ. ಸೆಟ್ಟು. ಇಂಥದ್ದೇ ಆರು ಚಾಕುವಿನ ಸೆಟ್ಟು."

ಕಪ್ಪು ಬಸಿಗಳ ಸೆಟ್ಟೂ ಹ್ವೇಗೊ, ದಿಂಬು ಹಾಸಿಗೆಯ ಸೆಟ್ಟೂ ಹ್ವೇಗೊ. ಸ್ಪೇನಿನವರ ಮಾತಿನಲ್ಲಿ "ಇದೆ" ಎಂಬುದು "ಇದೆಯಾ" ಆಗಲು ಪದ ಬದಲಾಗಬೇಕಿಲ್ಲ. ಹೇಳುವಾಗ ದನಿ ಏರಿದರೆ ಸಾಕು, ಬರೆಯುವಾಗ ಮುಂದೊಂದು ಹಿಂದೊಂದು ಪ್ರಶ್ನೆಯ ಕೊಕ್ಕೆ ಹಾಕಿದರೆ ಸಾಕು. ಎಲ್ಲರೂ ಉಲ್ಪಿಯಾನೊ ಕಡೆ ತಿರುಗಿದರು.

"ಕಾಫಿ ಯಂತ್ರ ಬುಸ್ ಅಂತಿತ್ತು," ಎಂದ ಅವನು. "ಅದೂ ಅಲ್ದೆ ಕೊಕ್ಕೆ ಹಾಕೋ ಜಾಗದಲ್ಲಿ ಎಣ್ಣೆ ಬಿದ್ದಿತ್ತು."

ಎಲಾದಿಯೊಗೆ ಅವನ ಕತ್ತು ಹಿಸುಕಬೇಕು ಅನ್ನಿಸಲಿಲ್ಲ, ತಬ್ಬಿಕೊಳ್ಳಬೇಕು ಅನ್ನಿಸಿತು. ದೂರೇ ಇರಲಿಲ್ಲ! ಅವನ ಮೊದಲ ಚಾಕು ಬಂಡೆಯ ಹಾಗಿತ್ತು! ಅದನ್ನು ಒಡತಿಯ ಎದುರಿಗೇ ಗಿರಾಕಿ ಹೇಳಿದ್ದಾಳೆ! ಒಂದೇ ಏಟಿಗೆ ಇನ್ನೂ ಐದು ಚಾಕು! ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಜಾರಿ, ಅವನು ಸುಮ್ಮನೆ ನಗತೊಡಗಿದ.

"ನನಗೆ ಆರು ಜನ ತಮ್ಮಂದಿರು," ಎನ್ನುತ್ತ ಆಕೆ ಕೈಚೀಲದಲ್ಲಿ ಕನ್ನಡಕ ಹುಡುಕಿದಳು. "ಒಬ್ಬನಿಗೆ ಒಂದು ಕೊಟ್ರೆ ಉಳಿದ ಐವರು ವರ್ಷಗಟ್ಟಲೆ ಮಾತು ಬಿಡ್ತಾರೆ. ಹೋದ ಸಲ ಛತ್ರಿ ಕೊಟ್ಟು ಅನುಭವಿಸಿದೀನಿ, ಒಬ್ಬನದರ ಹಿಡಿ ಚೂರು ಬಾಗಿತ್ತು ಅಷ್ಟೇ. ಆರೂ ಒಂದೇ ಅಚ್ಚಾಗಿರಬೇಕು." ಕನ್ನಡಕ ಸಿಕ್ಕಿತು. ಆಕೆ ಅಲಗನ್ನು ಬೆಳಕಿಗೆ ಹಿಡಿದಳು. "ಅರೆ, ನಿನ್ನೆ ಕನ್ನಡಕ ಇರ್ಲಿಲ್ಲ, ನೋಡಿರ್ಲೇ ಇಲ್ಲ. ಎಷ್ಟು ಚೆನ್ನಾಗಿದೆ ಈ ಹುಂಜ! ಯಾರ ಮುದ್ರೆ ಇದು?"

ಒಡತಿ ಬಗ್ಗಿ ನೋಡಿದಳು. ಊದದೆ ಉಳಿದಿದ್ದ ಕಡೆಯ ಹುಬ್ಬು ನಿಧಾನವಾಗಿ ಮೇಲೇರಿತು.

ಎಲಾದಿಯೊ ಬಾಯಿ ತೆರೆದ. ನಿಜ ಹೇಳಬಹುದಿತ್ತು. ಬಂಡೆಯಂಥ ಚಾಕುವನ್ನು ಇಡೀ ದಿನ ಕೂತು ಕುಟ್ಟಿ, ಕೊರೆದು, ಅರೆದು, ಹಾಳು ಮಾಡಿದೆ, ಅದರ ಅಲಗು ಅಗೋ ಗುಜರಿ ಡಬ್ಬದಲ್ಲಿದೆ, ಅದರ ಮೇಲೆ ಒಂದು ಬಸವನಹುಳು ಇದೆ ಎನ್ನಬಹುದಿತ್ತು.

"ಕಾಸಿಮಿರೊ ಮೇಸ್ತ್ರೀದು," ಎಂದ.

"ಹಾಗಿದ್ರೆ ಇನ್ನೂ ಐದು, ಆರರ ಮೇಲೂ ಹುಂಜವೇ ಇರ್ಲಿ. ಒಂದರ ಮೇಲೆ ಬೇರೇನಾದ್ರೂ ಕಂಡ್ರೆ ನಮ್ಮ ಮನೇಲಿ ಊಟ ಮುಗಿಯಲ್ಲ. ಶನಿವಾರ ಬರ್ತೀನಿ."

ಆಕೆ ಮಾದರಿಗೆಂದು ಚಾಕುವನ್ನು ಅಲ್ಲೇ ಬಿಟ್ಟು ಹೋದಳು. ಕಾಸಿಮಿರೊ ಆಕೆ ಹೋದ ದಾರಿಯನ್ನೇ ನೋಡುತ್ತಿದ್ದ. ಅವನ ಕಣ್ಣು ಒದ್ದೆಯಾಗಿತ್ತು. ಹತ್ತು ವರ್ಷದ ಮೇಲೆ ಯಾರೋ ಅವನ ಹುಂಜ ಕೇಳಿದ್ದರು.

ಒಡತಿ ಊದಿದ ಬಾಯಿಂದ ಒಂದೊಂದೇ ಪದ ಹೊರಗೆ ತಳ್ಳಿದಳು. "ಎಲಾದಿಯೊ. ನಿನ್ನ ಹುಳ ಇರೋ ಚಾಕು ಯಾವುದಾದ್ರೂ ವಾಪಸ್ ಬಂದಿದೆಯಾ?"

ಎಲಾದಿಯೊ ಮೇಜಿನ ಮೇಲಿದ್ದ ಚಾಕು ನೋಡಿದ. ಹುಂಜ ಅವನನ್ನು ನೋಡಿತು.

"ಇಲ್ಲ ಡೋನ್ಯಾ ಎರ್ಮಿನಿಯಾ."

"ಹಾಗಿದ್ರೆ ಮುದ್ರೆ ನಿನ್ನ ಹತ್ರಾನೇ ಇರ್ಲಿ. ಮೊದಲು ಹುಂಜದ್ದು ಐದು ಮುಗೀಲಿ. ಆಮೇಲೆ ನೋಡೋಣ."

ಬೆನಿಗ್ನಾ ಗೋಡೆ ಕಡೆ ತಿರುಗಿ ಕೆಮ್ಮಿದಳು. ಕಾಸಿಮಿರೊ ಆಗಲೇ ಕೋಟು ಬಿಚ್ಚಿ, ಎಲಾದಿಯೊನ ಕುರ್ಚಿಯಲ್ಲಿ ಕೂತು, ಅಂಗಿಯ ತೋಳು ಮಡಚುತ್ತಿದ್ದ. ಇಪ್ಪತ್ತು ವರ್ಷ ಚಿಕ್ಕವನಾದಂತಿತ್ತು ಅವನ ದನಿ.

"ಏನು ಮಗ, ನಿಂತೇ ಇದೀಯ? ಅಲಗು ನಾನು ನೋಡ್ಕೋತೀನಿ. ನೀನು ಐದು ಕೊಂಬು ಆರಿಸಿ ಉಜ್ಜಕ್ಕೆ ಶುರು ಮಾಡು."

ಎಲಾದಿಯೊ ಕೊಂಬಿನ ಮೂಟೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಹತ್ತೊಂಬತ್ತು ವರ್ಷದಿಂದ ಅವನ ಬೆನ್ನಿಗೆ ಪರಿಚಯವಿದ್ದ ಜಾಗ ಅದು. ಅಂಗಿಯ ಜೇಬಿನಲ್ಲಿ ಮುದ್ರೆ ಭದ್ರವಾಗಿತ್ತು. ಒಂದು ಕೊಂಬು ಎತ್ತಿಕೊಂಡು, ಉಸಿರು ಪೂರ್ತಿ ಹೊರಗೆ ಬಿಟ್ಟು, ಸಣ್ಣಗೆ ಶಿಳ್ಳೆ ಹಾಕತೊಡಗಿದ. ಅವನ ಮುದ್ರೆಯಿರುವ ಚಾಕು ಈಗ ಇಡೀ ಪ್ರಪಂಚದಲ್ಲಿ ಒಂದೂ ಇರಲಿಲ್ಲ. ಹಾಗಾಗಿ ಅದು ಅಲುಗೀತೆಂಬ ಭಯವೂ ಇರಲಿಲ್ಲ.